ಒಂದು ಸೆಂಟಿಮೀಟರ್ ಗಾಳಿಗೆ 30,000 ವೋಲ್ಟ್

ಮೋಡದಿಂದ ನೆಲಕ್ಕೆ ಇಳಿಯುವ ಸಾಧಾರಣ ಸಿಡಿಲೊಂದರಲ್ಲಿ ಬಿಡುಗಡೆಯಾಗುವ ಶಕ್ತಿ ಸುಮಾರು 100 ಕೋಟಿ ಜೂಲ್. ಇದನ್ನು ಮನೆಯ ಮೀಟರಿನ ಲೆಕ್ಕಕ್ಕೆ ತಂದರೆ, 36 ಲಕ್ಷ ಜೂಲಿಗೆ ಒಂದು ಯೂನಿಟಿನಂತೆ 278 ಯೂನಿಟ್. ಯೂನಿಟಿಗೆ 6 ರೂಪಾಯಿ ಹಿಡಿದರೆ ಬಿಲ್ಲು 1,668 ರೂಪಾಯಿ. ಅದರಲ್ಲೂ ಬಹುಪಾಲು ದಾರಿಯಲ್ಲೇ ಶಾಖವಾಗಿ, ಬೆಳಕಾಗಿ, ಗುಡುಗಾಗಿ ಗಾಳಿಯಲ್ಲಿ ಕಳೆದುಹೋಗುತ್ತದೆ. ನೆಲ ಮುಟ್ಟುವುದು ಅದರ ಸಣ್ಣ ಪಾಲು.

ಈಗ ತೋಟದ ಲೆಕ್ಕ. ತೋಟದ ನಡುವಿನ ತೆಂಗಿಗೆ ಸಿಡಿಲು ಬಡಿದು, ಸುತ್ತಲಿನ 10 ಅಡಿಕೆ ಮರಗಳು ಕೆಲವು ವಾರಗಳಲ್ಲಿ ಸುಳಿ ಬಾಡಿ ಸತ್ತವು ಎಂದುಕೊಳ್ಳಿ. ಮರಕ್ಕೆ ವರ್ಷಕ್ಕೆ 2 ಕಿಲೋ ಚಾಲಿ, ಕಿಲೋಗೆ 400 ರೂಪಾಯಿ ಹಿಡಿದರೆ ವರ್ಷದ ನಷ್ಟ 8,000 ರೂಪಾಯಿ. ಹೊಸ ಸಸಿ ನೆಟ್ಟು ಫಸಲು ಕಾಣಲು 6 ವರ್ಷ ಹಿಡಿದರೂ 48,000 ರೂಪಾಯಿ. ಸಿಡಿಲಿನ ಶಕ್ತಿಯ ಬೆಲೆಯ 29 ಪಟ್ಟು ನಷ್ಟ! ಪುತ್ತೂರು, ಸುಳ್ಯ, ಕಡಬದ ತೋಟಗಳಲ್ಲಿ ಹೀಗೆ ವೃತ್ತಾಕಾರವಾಗಿ ಖಾಲಿ ಬಿದ್ದ ಜಾಗ ಕಂಡವರಿಗೆ ಈ ಲೆಕ್ಕ ಹೊಸದಲ್ಲ. ಜೀವದ ಲೆಕ್ಕವಂತೂ ಬೇರೆಯೇ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ ಸಿಡಿಲಿಗೆ ಸತ್ತವರು 2,887 ಮಂದಿ. ಆ ವರ್ಷ ಪ್ರಕೃತಿ ವಿಕೋಪಗಳಿಂದ ಆದ 8,060 ಸಾವುಗಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ಸಿಡಿಲಿನದು.

ಇಷ್ಟು ಹಾನಿಯ ಮೂಲ ಗಾಳಿ ಎಂಬ ಅನಿಲದ ಒಂದು ಗುಣದಲ್ಲಿದೆ. ಒಂದು ಮಿತಿಯವರೆಗೆ ಗಾಳಿಯಷ್ಟು ನಂಬಿಗಸ್ತ ತಡೆ ಬೇರೊಂದಿಲ್ಲ. ಮಿತಿ ದಾಟಿದ ಕ್ಷಣದಲ್ಲಿ, ಮೈಕ್ರೋಸೆಕೆಂಡಿನೊಳಗೆ, ಅದೇ ಗಾಳಿ ತಂತಿಯಾಗಿಬಿಡುತ್ತದೆ. ಆ ಮಿತಿ ಎಷ್ಟು, ಅದು ಎಲ್ಲಿ ಇಳಿಯುತ್ತದೆ, ನಮ್ಮ ತೋಟ, ಹಟ್ಟಿ, ಮನೆಗಳಲ್ಲಿ ಅದರಿಂದ ಎಷ್ಟು ದೂರ ನಿಲ್ಲಬೇಕು ಎಂಬುದನ್ನೆಲ್ಲ ಅಂಕಿಗಳಲ್ಲೇ ಹೇಳಬಹುದು. ಹೇಳಲೇಬೇಕು ಎಂಬುದು ನನ್ನ ಹಟ.

ಮಿತಿ ಎಲ್ಲಿಂದ ಬಂತು

ಸಮುದ್ರಮಟ್ಟದ ಗಾಳಿಯಲ್ಲಿ, ಎರಡು ಸಪಾಟು ಲೋಹದ ತಟ್ಟೆಗಳ ನಡುವೆ ಒಂದು ಸೆಂಟಿಮೀಟರ್ ಅಂತರವಿದ್ದರೆ ಕಿಡಿ ಹಾರಲು ಸುಮಾರು 30,000 ವೋಲ್ಟ್ ಬೇಕು. ಎಂಜಿನಿಯರಿಂಗ್ ವಿದ್ಯಾರ್ಥಿಗಳು ಬಾಯಿಪಾಠ ಮಾಡುವ ಸಂಖ್ಯೆ ಇದು. ಅದು 3,000 ಯಾಕಲ್ಲ, 3 ಲಕ್ಷ ಯಾಕಲ್ಲ?

ಒಂದು ಘನ ಸೆಂಟಿಮೀಟರ್ ಗಾಳಿಯಲ್ಲಿ 25ರ ಮುಂದೆ 18 ಸೊನ್ನೆ ಬರೆದಷ್ಟು ಅಣುಗಳಿವೆ. ಅವುಗಳ ನಡುವೆ ವಿದ್ಯುದಂಶ ಹೊತ್ತ ಅಯಾನುಗಳು ಇರುವುದು ಸುಮಾರು ಒಂದು ಸಾವಿರ ಮಾತ್ರ. ನೆಲದ ವಿಕಿರಣ, ಆಕಾಶದಿಂದ ಬರುವ ಕಾಸ್ಮಿಕ್ ಕಿರಣಗಳು ಪ್ರತಿ ಸೆಕೆಂಡಿಗೆ ಘನ ಸೆಂಟಿಮೀಟರಿಗೆ ಹತ್ತರಷ್ಟು ಹೊಸ ಜೋಡಿಗಳನ್ನು ಹುಟ್ಟಿಸುತ್ತಲೇ ಇರುತ್ತವೆ. ಗಾಳಿ ಒಡೆಯುವುದಕ್ಕೆ ಬೇಕಾದ ಮೊದಲ ಬಿಡಿ ಎಲೆಕ್ಟ್ರಾನ್ ಬರುವುದು ಇಲ್ಲಿಂದಲೇ.

ಆ ಎಲೆಕ್ಟ್ರಾನ್ ಒಂದು ಡಿಕ್ಕಿಯಿಂದ ಮುಂದಿನ ಡಿಕ್ಕಿಗೆ ಸಾಗುವ ಸರಾಸರಿ ದೂರ ಅರ್ಧ ಮೈಕ್ರಾನಿಗೂ ಕಡಿಮೆ. ಸೆಂಟಿಮೀಟರಿಗೆ 30,000 ವೋಲ್ಟ್ ಎಂದರೆ ಒಂದು ಮೈಕ್ರಾನಿಗೆ 3 ವೋಲ್ಟ್. ಹಾಗಾಗಿ ಒಂದು ಓಟಕ್ಕೆ ಅದು ಗಳಿಸುವ ಶಕ್ತಿ ಒಂದು ಎಲೆಕ್ಟ್ರಾನ್-ವೋಲ್ಟಿನ ಆಸುಪಾಸು. ಆಕ್ಸಿಜನ್ ಅಣುವಿನಿಂದ ಮತ್ತೊಂದು ಎಲೆಕ್ಟ್ರಾನನ್ನು ಕಿತ್ತುಹಾಕಲು ಬೇಕಾದದ್ದು 12.1, ನೈಟ್ರೋಜನ್ನಿನಿಂದ 15.6. ಒಂದೇ ಓಟದಲ್ಲಿ ಇದು ಆಗದ ಮಾತು. ಹಲವು ಡಿಕ್ಕಿಗಳಲ್ಲಿ ಗಳಿಸಿದ್ದನ್ನು ಕಳೆದುಕೊಳ್ಳದೆ ಉಳಿಸಿಕೊಂಡ ಕೆಲವೇ ಎಲೆಕ್ಟ್ರಾನುಗಳು ಮಾತ್ರ ಈ ಮೊತ್ತ ಮುಟ್ಟುತ್ತವೆ.

ಇನ್ನೊಂದು ತಡೆಯೂ ಇದೆ. ಆಕ್ಸಿಜನ್‌ಗೆ ಎಲೆಕ್ಟ್ರಾನ್ ಎಂದರೆ ಹಸಿವು, ಹತ್ತಿರ ಬಂದದ್ದನ್ನು ಹಿಡಿದು ಅಂಟಿಸಿಕೊಳ್ಳುತ್ತದೆ. ಸೆಂಟಿಮೀಟರಿಗೆ 25,000 ವೋಲ್ಟಿನ ತನಕ ಹುಟ್ಟುವ ಎಲೆಕ್ಟ್ರಾನುಗಳಿಗಿಂತ ಹೀಗೆ ಸಿಕ್ಕಿಬೀಳುವವೇ ಹೆಚ್ಚು. ಅಲ್ಲಿಂದ ಮೇಲೆ ಹುಟ್ಟು ಮುಂದಾಗುತ್ತದೆ. 1900ರ ಸುಮಾರಿಗೆ ಭೌತವಿಜ್ಞಾನಿ ಜಾನ್ ಟೌನ್‌ಸೆಂಡ್ ಈ ಹುಟ್ಟಿನ ಲೆಕ್ಕವನ್ನು ಕಟ್ಟಿಕೊಟ್ಟರು. ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ, ನಾಲ್ಕು ಎಂಟಾಗುತ್ತದೆ. ಹೀಗೆ 27 ಸಲ ಇಮ್ಮಡಿಯಾದರೆ 13 ಕೋಟಿ 42 ಲಕ್ಷ. ನಮ್ಮ ಕಡೆಯವರಿಗೆ ಇದರ ವೇಗ ತಿಳಿಯಬೇಕಾದರೆ, 7–8 ಗ್ರಾಮಿನ ಒಂದು ಚಾಲಿ ಅಡಿಕೆಯನ್ನು ಅಂಗಳದಲ್ಲಿಟ್ಟು 27 ಸಲ ಇಮ್ಮಡಿಸಿದಂತೆ ಊಹಿಸಿ. ಕೊನೆಗೆ ಅಂಗಳದಲ್ಲಿರುವುದು ಸುಮಾರು 1,000 ಟನ್ ಅಡಿಕೆ, ಅಂದರೆ 10 ಟನ್ನಿನ 100 ಲಾರಿ ಲೋಡು. ಗಾಳಿಯಲ್ಲಿ ಇಷ್ಟೂ ನಡೆಯುವುದು ಒಂದು ಸೆಂಟಿಮೀಟರ್ ದೂರದೊಳಗೆ, ಮೈಕ್ರೋಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತಿನಲ್ಲಿ.

ಹತ್ತು ಕೋಟಿ ಎಂಬ ಸಂಖ್ಯೆಗೆ ಒಂದು ಮಹತ್ವವಿದೆ. ಎಲೆಕ್ಟ್ರಾನುಗಳ ನೆರೆ ಅಷ್ಟು ತುಂಬಿಕೊಂಡಾಗ ಅದರ ತುದಿಯಲ್ಲಿ ಹುಟ್ಟುವ ಸ್ವಂತ ವಿದ್ಯುತ್ ಸೆಳೆತ ಹೊರಗಿನ ಸೆಳೆತಕ್ಕೆ ಸಮನಾಗಿಬಿಡುತ್ತದೆ. ಅಲ್ಲಿಂದ ಮುಂದೆ ಅದಕ್ಕೆ ಹೊರಗಿನ ಆಸರೆ ಅಷ್ಟಾಗಿ ಬೇಡ. ಬೆಳಕು ಚೆಲ್ಲುವ, ಕೂದಲೆಳೆಯಂಥ ಒಂದು ಎಳೆ ತನ್ನ ದಾರಿಯನ್ನು ತಾನೇ ಸೀಳಿಕೊಂಡು ಹೋಗುತ್ತದೆ. ಇದನ್ನು ಸ್ಟ್ರೀಮರ್ ಎನ್ನುತ್ತಾರೆ. 1940ರ ಆಸುಪಾಸಿನಲ್ಲಿ ಭೌತವಿಜ್ಞಾನಿಗಳಾದ ರೇಟರ್ ಒಂದು ಕಡೆ, ಲೋಬ್ ಮತ್ತು ಮೀಕ್ ಇನ್ನೊಂದು ಕಡೆ ಈ ಹಂತವನ್ನು ಬಿಡಿಸಿ ಹೇಳಿದರು.

ದೂರ ಹೆಚ್ಚಿದಂತೆ ದರ ಇಳಿಯುತ್ತದೆ

ಸೆಂಟಿಮೀಟರಿಗೆ 30,000 ವೋಲ್ಟ್ ಎಂಬುದು ಸಪಾಟು ತಟ್ಟೆಗಳ ನಡುವಿನ ಸಣ್ಣ ಅಂತರಕ್ಕೆ ಮಾತ್ರ ಸಲ್ಲುವ ದರ. ಇದೇ ದರ ಎಲ್ಲ ಕಡೆ ನಡೆಯುತ್ತದೆಂದು ನಂಬಿದವರು ಮೋಸ ಹೋಗುತ್ತಾರೆ. ಮೊನೆಯಿರುವ ವಸ್ತುವಿನ ತುದಿಯಲ್ಲಿ ಸೆಳೆತ ಒತ್ತೊತ್ತಾಗುತ್ತದೆ. ಅಲ್ಲಿ ಗಾಳಿ ಮೊದಲು ಒಡೆಯುತ್ತದೆ, ಆಮೇಲೆ ಸ್ಟ್ರೀಮರ್ ಉಳಿದ ದೂರವನ್ನು ಕಡಿಮೆ ಖರ್ಚಿನಲ್ಲಿ ದಾಟುತ್ತದೆ. ಹತ್ತಾರು ಸೆಂಟಿಮೀಟರಿನ ಅಂತರಕ್ಕೆ ಸೆಂಟಿಮೀಟರಿಗೆ 5–6 ಸಾವಿರ ವೋಲ್ಟ್ ಸಾಕು. ಹಲವು ಮೀಟರಿನ ಅಂತರವಾದರೆ ಎಳೆಗಳು ಸೇರಿ ಕಾದು ಕೆಂಡವಾದ ಒಂದು ಕಾಲುವೆ ಮೂಡುತ್ತದೆ. ಇದರ ಹೆಸರು ಲೀಡರ್. ಪ್ರಯೋಗಾಲಯಗಳಲ್ಲಿ ಬಳಸುವ ಸೂತ್ರದಂತೆ 10 ಮೀಟರಿನ ಅಂತರ ಒಡೆಯಲು ಸುಮಾರು 19 ಲಕ್ಷ ವೋಲ್ಟ್ ಸಾಕು. ಸೆಂಟಿಮೀಟರಿಗೆ 1,900 ಮಾತ್ರ.

ಮೋಡಕ್ಕೆ ಬಂದರೆ ಈ ಇಳಿಕೆ ಇನ್ನೂ ಬೆರಗು ಹುಟ್ಟಿಸುತ್ತದೆ. ಮೋಡದ ಋಣ ವಿದ್ಯುದಂಶ ತುಂಬಿರುವ ಪದರ ನೆಲದಿಂದ 6 ಕಿಲೋಮೀಟರ್ ಮೇಲಿದೆ ಎನ್ನೋಣ. ಸೆಂಟಿಮೀಟರಿಗೆ 30,000 ಎಂಬ ಚಿಲ್ಲರೆ ದರದಲ್ಲಿ ಲೆಕ್ಕ ಹಾಕಿದರೆ ಸಿಡಿಲು ಇಳಿಯಲು 1,800 ಕೋಟಿ ವೋಲ್ಟ್ ಬೇಕು. ನಿಜವಾಗಿ ಮೋಡದಲ್ಲಿರುವುದು ಕೆಲವು ಕೋಟಿಯಿಂದ ಹತ್ತು ಕೋಟಿ ವೋಲ್ಟ್. ಅಷ್ಟರಲ್ಲೇ ಅದು ಇಳಿದು ಬರುತ್ತದೆ, 50 ಮೀಟರಿಗೊಮ್ಮೆ ನಿಂತು, ಸೆಕೆಂಡಿನ ಲಕ್ಷದಲ್ಲಿ ಕೆಲವೇ ಭಾಗ ತಡೆದು, ಮತ್ತೆ 50 ಮೀಟರ್ ಜಿಗಿದು. ಹೀಗೆ ತಡೆದು ತಡೆದು ಇಳಿದರೂ ಸರಾಸರಿ ವೇಗ ಸೆಕೆಂಡಿಗೆ 200 ಕಿಲೋಮೀಟರ್. 6 ಕಿಲೋಮೀಟರ್ ಇಳಿಯಲು ಸೆಕೆಂಡಿನ ನೂರರಲ್ಲಿ ಮೂರು ಭಾಗ. ನೆಲ ಮುಟ್ಟಿದ ಕೂಡಲೇ ಅದೇ ದಾರಿಯಲ್ಲಿ ಸುಮಾರು 30,000 ಆಂಪಿಯರ್ ಹರಿಯುತ್ತದೆ. ಆಗ ಹುಟ್ಟುವ ಬೆಳಕಿನ ಅಲೆ ಮೇಲಕ್ಕೆ ಓಡುವ ವೇಗ ಬೆಳಕಿನ ವೇಗದ ಮೂರನೇ ಒಂದು. ಕಾಲುವೆಯ ಬಿಸಿ 30,000 ಡಿಗ್ರಿ ತಲುಪುತ್ತದೆ, ಸೂರ್ಯನ ಮೇಲ್ಮೈಯ ಐದು ಪಟ್ಟು. ಒಂದೇ ಸಿಡಿಲಿನಲ್ಲಿ ಇಂಥ ಹೊಡೆತ ಮೂರು ನಾಲ್ಕು ಸಲ ಮರುಕಳಿಸುವುದರಿಂದ ಮಿಂಚು ನಡುಗಿದಂತೆ ಕಾಣುತ್ತದೆ.

ವಿಜ್ಞಾನಿಗಳಿಗೆ ಇಲ್ಲೊಂದು ಒಗಟು ಇನ್ನೂ ಉಳಿದಿದೆ. 6 ಕಿಲೋಮೀಟರ್ ಎತ್ತರದಲ್ಲಿ ಗಾಳಿ ಅರ್ಧದಷ್ಟು ತೆಳು, ಅಲ್ಲಿ ಒಡೆಯಲು ಸೆಂಟಿಮೀಟರಿಗೆ 15,000 ವೋಲ್ಟಾದರೂ ಬೇಕು. ಬಲೂನು, ವಿಮಾನ ಕಳಿಸಿ ಮೋಡದೊಳಗೆ ಅಳೆದಾಗ ಸಿಕ್ಕಿದ್ದು ಸಾಮಾನ್ಯವಾಗಿ 1,000–2,000, ಬಹಳವೆಂದರೆ 4,000. ಹಾಗಾದರೆ ಮೊದಲ ಕಿಡಿ ಹೊತ್ತುವುದು ಹೇಗೆ? ಆಲಿಕಲ್ಲು, ಹಿಮದ ಹರಳುಗಳ ಮೊನೆಗಳಲ್ಲಿ ಸೆಳೆತ ಹೆಚ್ಚುವುದು ಒಂದು ಉತ್ತರ. ಕಾಸ್ಮಿಕ್ ಕಿರಣಗಳಿಂದ ಹುಟ್ಟಿದ ಅತಿ ವೇಗದ ಎಲೆಕ್ಟ್ರಾನುಗಳು ಡಿಕ್ಕಿಗಳಿಗೆ ಸೋಲದೆ ಓಡುತ್ತ ನೆರೆ ಎಬ್ಬಿಸುತ್ತವೆ ಎಂಬುದು ರಷ್ಯಾದ ಗುರೆವಿಚ್ 1992ರಲ್ಲಿ ಮುಂದಿಟ್ಟ ಇನ್ನೊಂದು ಉತ್ತರ. ಎರಡೂ ಸೇರಿಯೇ ಕೆಲಸ ಮಾಡುತ್ತವೆ ಎನ್ನುವವರೂ ಇದ್ದಾರೆ.

ನಮ್ಮ ಊರಿನ ಗಾಳಿಯೂ ಎಲ್ಲ ದಿನ, ಎಲ್ಲ ಎತ್ತರದಲ್ಲಿ ಒಂದೇ ಅಲ್ಲ. 35 ಡಿಗ್ರಿಯ ಸೆಕೆಯಲ್ಲಿ ಗಾಳಿ ಹಿಗ್ಗಿ ತೆಳುವಾಗಿ 30,000 ಎಂಬುದು 28,500ಕ್ಕೆ ಇಳಿಯುತ್ತದೆ. ಕುಕ್ಕೆ ಸುಬ್ರಹ್ಮಣ್ಯದ ಮೇಲಿನ 1,712 ಮೀಟರಿನ ಕುಮಾರಪರ್ವತದ ತುದಿಯಲ್ಲಿ ಅದು ಸುಮಾರು 24,500. ಇನ್ನು ಒಂದು ತಪ್ಪು ತಿಳಿವಳಿಕೆ ನಮ್ಮಲ್ಲಿ ಬಲವಾಗಿದೆ, ಗಾಳಿಯಲ್ಲಿ ತೇವ ಹೆಚ್ಚಿದರೆ ಕರೆಂಟು ಸುಲಭವಾಗಿ ಹಾರುತ್ತದೆ ಎಂದು. ನಿಜ ಇದಕ್ಕೆ ತಿರುಗಮುರುಗ. ನೀರಿನ ಆವಿಯೂ ಎಲೆಕ್ಟ್ರಾನುಗಳನ್ನು ಹಿಡಿದಿಟ್ಟುಕೊಳ್ಳುವ ಜಾತಿಯದು. ಹಾಗಾಗಿ ಮೊನೆಗಳ ನಡುವಿನ ಗಾಳಿಯ ತಡೆ ತೇವದಿಂದ ತುಸು ಹೆಚ್ಚುತ್ತದೆ. ಮಳೆಗಾಲದಲ್ಲಿ ಕಂಬದ ಪಿಂಗಾಣಿಯ ಮೇಲೆ ಕಿಡಿ ಹರಿದಾಡುವುದಕ್ಕೆ ಕಾರಣ ಅದರ ಮೈಮೇಲೆ ಕೂತ ಧೂಳು, ಪಾಚಿ, ನೀರಿನ ಪದರ. ಅಲ್ಲಿ ಸೋಲುವುದು ಮೇಲ್ಮೈ, ಗಾಳಿಯಲ್ಲ.

ಮುಂಗಾರಿನ ಆಟಿ ತಿಂಗಳಲ್ಲಿ ಮಳೆ ದಿನವಿಡೀ ಧೋ ಎಂದು ಸುರಿದರೂ ಸಿಡಿಲು ಅಪರೂಪ. ಮುಂಗಾರಿಗೆ ಮೊದಲಿನ ಪಗ್ಗು, ಬೇಶ ತಿಂಗಳುಗಳಲ್ಲೂ ಅದರ ನಂತರದ ತುಲಾ ಮಾಸದಲ್ಲೂ ಮಧ್ಯಾಹ್ನದ ಮೇಲೆ ಘಟ್ಟದ ಕಡೆಯಿಂದ ಎದ್ದು ಬರುವ ಮೋಡಗಳೇ ಸಿಡಿಲಿನ ಮೋಡಗಳು. ಅವು 12 ಕಿಲೋಮೀಟರಿಗೂ ಮೇಲೆ ಬೆಳೆಯುತ್ತವೆ. ಅವುಗಳೊಳಗೆ ಹಿಮದ ಹರಳು, ಆಲಿಕಲ್ಲು ಒಂದಕ್ಕೊಂದು ಉಜ್ಜಿ ವಿದ್ಯುದಂಶ ಬೇರ್ಪಡುತ್ತದೆ. ಮುಂಗಾರಿನ ಮೋಡಕ್ಕೆ ನೀರು ಬೇಕಾದಷ್ಟಿದೆ, ಆ ರಭಸದ ಏರುಗಾಳಿ ಇಲ್ಲ.

ದೋಟಿ ಮತ್ತು 11 ಕೆವಿ ಲೈನು

ಸಿಡಿಲಿನ ಕೈಗೆ ಸಿಕ್ಕುವುದು ನಮ್ಮ ಹಿಡಿತದಲ್ಲಿಲ್ಲದಿರಬಹುದು. ದೋಟಿಯ ವಿಷಯ ಹಾಗಲ್ಲ. ಅಲ್ಯೂಮಿನಿಯಂ ದೋಟಿ ವಿದ್ಯುತ್ ಹರಿಸುತ್ತದೆಂದು ಎಲ್ಲರಿಗೂ ಗೊತ್ತು. ಈಗ ಅಡಿಕೆ ಕೊಯ್ಲಿಗೂ ಬೋರ್ಡೋ ಸಿಂಪಡಣೆಗೂ ಹಗುರವೆಂದು ಬಂದಿರುವ ಕಾರ್ಬನ್ ಫೈಬರ್ ದೋಟಿಯೂ ವಿದ್ಯುತ್ ಹರಿಸುತ್ತದೆ ಎಂಬುದು ಅನೇಕರಿಗೆ ಗೊತ್ತಿಲ್ಲ. "ಫೈಬರ್" ಎಂಬ ಹೆಸರು ಕೇಳಿ ಪ್ಲಾಸ್ಟಿಕ್ಕಿನಂತೆ ಎಂದು ನಂಬಿದವರಿದ್ದಾರೆ. ಕಾರ್ಬನ್ ಎಂದರೆ ಟಾರ್ಚ್ ಸೆಲ್ಲಿನ ನಡುವಿನ ಕಪ್ಪು ಕಡ್ಡಿಯ ಜಾತಿ. ತಂತಿ ಮುಟ್ಟಿದರೆ ಅದೂ ಸಾಗಿಸುತ್ತದೆ.

"ಎಚ್‌ಟಿ ಲೈನ್ ದೂರದಿಂದಲೇ ಎಳೆಯುತ್ತದೆ" ಎಂಬ ಮಾತು ನಮ್ಮಲ್ಲಿದೆ. ಲೆಕ್ಕ ನೋಡೋಣ. 11,000 ವೋಲ್ಟ್ ಎಂಬುದು ಎರಡು ತಂತಿಗಳ ನಡುವಿನದು. ಒಂದು ತಂತಿಗೂ ನೆಲಕ್ಕೂ ನಡುವೆ 6,350, ಅದರ ಶಿಖರ 9,000. ಸಪಾಟು ಮೇಲ್ಮೈಗಳಾದರೆ ಇದು ದಾಟಬಲ್ಲ ಗಾಳಿ 3 ಮಿಲಿಮೀಟರ್. ದೋಟಿಯ ತುದಿಯ ಕತ್ತಿಯಂಥ ಮೊನೆಗಾದರೆ ಸುಮಾರು ಒಂದು ಸೆಂಟಿಮೀಟರ್. ಆನೆ ಕಾಟಕ್ಕೆ ಸುಳ್ಯದ ಮಂಡೆಕೋಲಿನಂಥ ಕಡೆ ಹಾಕುವ ಐಬೆಕ್ಸ್ ಬೇಲಿಯ ತಂತಿಗೂ ಹೆಚ್ಚುಕಡಿಮೆ ಇಷ್ಟೇ ವೋಲ್ಟೇಜಿನ ಮಿಡಿತ. ಹುಲ್ಲಿನ ತುದಿ ಕೆಲವು ಮಿಲಿಮೀಟರ್ ಹತ್ತಿರ ಬಂದಾಗ ಟಿಕ್ ಟಿಕ್ ಎನ್ನುವುದು ಅದಕ್ಕೇ. ಲೈನು ಮಾರುದ್ದದಿಂದ ಎಳೆಯುವುದಿಲ್ಲ.

ಹಾಗಿದ್ದರೆ ಕೇಂದ್ರ ವಿದ್ಯುತ್ ಪ್ರಾಧಿಕಾರದ ನಿಯಮ 11 ಕೆವಿ ತಂತಿಯಿಂದ ಕಟ್ಟಡಕ್ಕೆ ಅಡ್ಡಲಾಗಿ 1.2 ಮೀಟರ್, ಮೇಲ್ಗಡೆಗೆ 3.7 ಮೀಟರ್ ಅಂತರ ಇರಲಿ ಎನ್ನುವುದು ಯಾಕೆ? ಒಂದು ಸೆಂಟಿಮೀಟರಿಗೆ 120 ಸೆಂಟಿಮೀಟರ್ ಯಾಕೆ? ಮೊದಲ ಕಾರಣ, ಹತ್ತಿರ ಎಲ್ಲೋ ಸಿಡಿಲು ಬಡಿದಾಗ ಅದೇ ತಂತಿಯ ಮೇಲೆ ಬರುವ ಅಲೆ. 11 ಕೆವಿ ಸಲಕರಣೆಗಳನ್ನು 75,000 ವೋಲ್ಟಿನ ಸಿಡಿಲಿನ ಹೊಡೆತ ತಾಳುವಂತೆ ಪರೀಕ್ಷಿಸುತ್ತಾರೆ, ಅದಕ್ಕೆ ಬೇಕಾದ ಗಾಳಿಯ ಅಂತರವೇ 12 ಸೆಂಟಿಮೀಟರ್. 33 ಕೆವಿಗೆ 1,70,000 ವೋಲ್ಟ್, 32 ಸೆಂಟಿಮೀಟರ್. ಎರಡನೆಯ ಕಾರಣ, ತಂತಿ ಗಾಳಿಗೆ ತೂಗುತ್ತದೆ, ಬಿಸಿಲಿಗೆ ಜೋಲುತ್ತದೆ.

ಮೂರನೆಯದು ಮನುಷ್ಯನ ಕೈ. ಇಲ್ಲಿ ಲೆಕ್ಕ ನಿರ್ದಯವಾಗಿದೆ. 15 ಮೀಟರಿನ ದೋಟಿ ಬುಡದಲ್ಲಿ ಒಂದೇ ಡಿಗ್ರಿ ವಾಲಿದರೆ ತುದಿ 26 ಸೆಂಟಿಮೀಟರ್ ಸರಿಯುತ್ತದೆ. ಐದು ಡಿಗ್ರಿ ವಾಲಿದರೆ 1.3 ಮೀಟರ್, ನಿಯಮದ ಇಡೀ ಅಂತರವೇ ಮುಗಿಯಿತು. ಕತ್ತು ಮೇಲೆತ್ತಿ, ಕಣ್ಣಿಗೆ ಬಿಸಿಲು ಹೊಡೆಯುವಾಗ, ಗೊನೆಯ ಭಾರ ತುದಿಯಲ್ಲಿ ಜಗ್ಗುವಾಗ ಐದು ಡಿಗ್ರಿ ಎಂಬುದು ಕೊಯ್ಯುವವನಿಗೆ ತಿಳಿಯುವುದೇ ಇಲ್ಲ. ಮುಟ್ಟಿದ ಮೇಲೆ ಉಳಿಯುವುದು ಇನ್ನೊಂದು ಲೆಕ್ಕ. ದೇಹದ ತಡೆ ಸುಮಾರು 1,000 ಓಮ್, 6,350 ವೋಲ್ಟಿಗೆ 6 ಆಂಪಿಯರ್. ಹೃದಯದ ಬಡಿತ ಕೆಡಿಸಲು ಅದರ ಅರುವತ್ತನೇ ಒಂದು ಭಾಗ ಸಾಕು. ರಬ್ಬರ್ ಚಪ್ಪಲಿ, ಒಣ ನೆಲ ಈ ಮೊತ್ತವನ್ನು ಕಡಿಮೆ ಮಾಡಿಯಾವು, ಜೀವ ಉಳಿಸುವಷ್ಟು ಕಡಿಮೆ ಮಾಡುತ್ತವೆಂದು ನಂಬುವಂತಿಲ್ಲ.

ದೋಟಿ ಕೈತಪ್ಪಿ ಬೀಳುವುದನ್ನೂ ಎಣಿಸಬೇಕು. ಲೈನು ನೆಲದಿಂದ 6 ಮೀಟರ್ ಎತ್ತರದಲ್ಲಿದ್ದರೆ, 15 ಮೀಟರಿನ ದೋಟಿ ಸುಮಾರು 14 ಮೀಟರ್ ದೂರದಿಂದ ಬಿದ್ದರೂ ತಂತಿಗೆ ತಾಗುತ್ತದೆ. ಲೈನಿನ ಎರಡೂ ಬದಿಗೆ 15 ಮೀಟರಿನಂತೆ 30 ಮೀಟರ್ ಅಗಲದ ಪಟ್ಟಿ ಅಪಾಯದ ಜಾಗ. ತೋಟದಲ್ಲಿ ಲೈನು 100 ಮೀಟರ್ ಹಾದುಹೋಗಿದ್ದರೆ ಆ ಪಟ್ಟಿ 3,000 ಚದರ ಮೀಟರ್. 2.7 ಮೀಟರ್ ಅಂತರದಲ್ಲಿ ನೆಟ್ಟ ಅಡಿಕೆಯಾದರೆ 410 ಮರ. ಎಕರೆಗೆ 550 ಮರದ ಲೆಕ್ಕದಲ್ಲಿ ಮುಕ್ಕಾಲು ಎಕರೆ ತೋಟ. ತಂತಿಯ ನೇರ ಕೆಳಗಿನ ಒಂದೆರಡು ಸಾಲು ಮಾತ್ರ ಜಾಗ್ರತೆ ಸಾಕು ಎಂಬ ಅಂದಾಜು ಎಷ್ಟು ತಪ್ಪು ಎಂದು ಈ 410 ತೋರಿಸುತ್ತದೆ. ಆ ಮರಗಳ ಕೊಯ್ಲನ್ನು ಒಂದು ದಿನಕ್ಕೆ ಗೊತ್ತುಮಾಡಿ, ಮೆಸ್ಕಾಂ ಶಾಖೆಗೆ ಮೊದಲೇ ತಿಳಿಸಿ, ಲೈನ್ ಆಫ್ ಮಾಡಿಸಿಯೇ ಮಾಡಿಸಬೇಕು. ಉಳಿದ ತೋಟಕ್ಕೆ ಯಾವ ಅಡ್ಡಿಯೂ ಇಲ್ಲ.

ಮನೆಯೊಳಗಿನ ಮಿಲಿಮೀಟರುಗಳು

ಫ್ರೀಡ್ರಿಕ್ ಪಾಶೆನ್ ಎಂಬ ಜರ್ಮನ್ ವಿಜ್ಞಾನಿ 1889ರಲ್ಲಿ ಒಂದು ನಿಯಮ ಕಂಡುಹಿಡಿದರು. ಅನಿಲ ಒಡೆಯುವ ವೋಲ್ಟೇಜು ಒತ್ತಡ ಮತ್ತು ಅಂತರ ಎರಡರ ಗುಣಲಬ್ಧದ ಮೇಲೆ ನಿಂತಿದೆ. ಅಂತರ ಕಡಿಮೆ ಮಾಡುತ್ತ ಹೋದರೆ ಬೇಕಾದ ವೋಲ್ಟೇಜೂ ಇಳಿಯುತ್ತದೆ, ಒಂದು ಹಂತದ ನಂತರ ಮತ್ತೆ ಏರುತ್ತದೆ. ಅಷ್ಟು ಸಣ್ಣ ಅಂತರದಲ್ಲಿ ಎಲೆಕ್ಟ್ರಾನಿಗೆ ಡಿಕ್ಕಿ ಹೊಡೆಯಲು ಅಣುಗಳೇ ಸಾಕಷ್ಟು ಸಿಗುವುದಿಲ್ಲ. ಗಾಳಿಗೆ ಆ ಕನಿಷ್ಠ ಬೆಲೆ ಸುಮಾರು 327 ವೋಲ್ಟ್. ನಮ್ಮ ಮನೆಯ 230 ವೋಲ್ಟಿನ ಶಿಖರ 325! ನಿಯಮ ಒಪ್ಪುವ ಶೇ 6ರ ಏರಿಕೆ ಸೇರಿದರೆ 345. ಅಂದರೆ ಮನೆಯ ಕರೆಂಟು ತಾನಾಗಿ ಗಾಳಿಯನ್ನು ಒಡೆಯುವ ಮಿತಿಯ ಹೊಸ್ತಿಲಲ್ಲೇ ನಿಂತಿದೆ. ಸ್ವಿಚ್ಚಿನಲ್ಲಿ ಕಾಣುವ ಕಿಡಿ ಸಂಪರ್ಕ ಬಿಡಿಸುವಾಗ ಲೋಹ ಕಾದು ಆವಿಯಾಗುವುದರಿಂದಲೂ, ಮೋಟಾರು ಚೋಕುಗಳ ಸುರುಳಿ ಎಬ್ಬಿಸುವ ಹೆಚ್ಚುವರಿ ವೋಲ್ಟೇಜಿನಿಂದಲೂ ಬರುತ್ತದೆ.

ಹಳೆಯ ನಾಲ್ಕು ಅಡಿಯ ಟ್ಯೂಬ್‌ಲೈಟ್ ಇದೇ ನಿಯಮದ ಲಾಭ ಪಡೆದಿತ್ತು. ಒಳಗೆ ಸಾಧಾರಣ ಒತ್ತಡದ ಗಾಳಿ ಇದ್ದಿದ್ದರೆ 120 ಸೆಂಟಿಮೀಟರಿಗೆ ಲಕ್ಷಗಟ್ಟಲೆ ವೋಲ್ಟ್ ಬೇಕಿತ್ತು. ಅನಿಲದ ಒತ್ತಡವನ್ನು ಮುನ್ನೂರರಲ್ಲಿ ಒಂದು ಪಾಲಿನಷ್ಟಕ್ಕೆ ಇಳಿಸಿದ್ದರಿಂದ ಚೋಕ್ ಕೊಡುವ ಸಾವಿರದೊಳಗಿನ ಒಂದು ಒದೆತ ಸಾಕಾಗುತ್ತಿತ್ತು. ಉಪಕೇಂದ್ರಗಳಲ್ಲಿ ಇದಕ್ಕೆ ವಿರುದ್ಧದ ಉಪಾಯ. 11 ಮತ್ತು 33 ಕೆವಿ ಬ್ರೇಕರುಗಳಲ್ಲಿ ಅನಿಲವನ್ನೇ ತೆಗೆದುಹಾಕಿ ನಿರ್ವಾತ ಇಡುತ್ತಾರೆ. 110 ಕೆವಿಯಲ್ಲಿ ಗಾಳಿಗಿಂತ ಎರಡೂವರೆ ಪಟ್ಟು ತಾಳುವ ಎಸ್‌ಎಫ್-6 ಅನಿಲ ತುಂಬುತ್ತಾರೆ. ಆ ಅನಿಲದ ಒಂದು ಕಿಲೋ ಸೋರಿದರೆ ಭೂಮಿಯನ್ನು ಬಿಸಿ ಮಾಡುವುದರಲ್ಲಿ 23,500 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ಇಂಥ ಸಲಕರಣೆಗಳನ್ನು ಪರೀಕ್ಷಿಸಿ ಒಪ್ಪಿಗೆ ಕೊಡುವ ಕೇಂದ್ರ ವಿದ್ಯುತ್ ಸಂಶೋಧನಾ ಸಂಸ್ಥೆ 1960ರಿಂದ ಬೆಂಗಳೂರಿನಲ್ಲೇ ಇದೆ.

ಮನೆಯವರಿಗೆ ಬೇಕಾದ ಅಂಕಿ ಬೇರೆ. ಟಿವಿ, ಫ್ರಿಜ್ಜಿನಂಥ ಸಾಧನಗಳನ್ನು 2,500 ವೋಲ್ಟಿನ ಹೊಡೆತ ತಾಳುವಂತೆ ವಿನ್ಯಾಸ ಮಾಡುತ್ತಾರೆ, ಒಳಗಿನ ಗಾಳಿಯ ಅಂತರ 1.5 ಮಿಲಿಮೀಟರ್. ಸ್ವಿಚ್ ಆಫ್ ಮಾಡಿದಾಗ ಒಳಗೆ ತೆರೆದುಕೊಳ್ಳುವ ಅಂತರ ಸುಮಾರು 3 ಮಿಲಿಮೀಟರ್, ಅದರ ಭರವಸೆ 4,000 ವೋಲ್ಟಿನ ಆಸುಪಾಸು. ಸಿಡಿಲಿನ ಅಲೆಗೆ ಇದು ಲೆಕ್ಕಕ್ಕೇ ಇಲ್ಲ. ಪ್ಲಗ್ ಕಿತ್ತು ಒಂದು ಅಡಿ ದೂರ ಇಟ್ಟರೆ 30 ಸೆಂಟಿಮೀಟರ್ ಗಾಳಿ, ಸೆಂಟಿಮೀಟರಿಗೆ 5,000ದಂತೆ 1,50,000 ವೋಲ್ಟ್. ಒಂದು ಪೈಸೆ ಖರ್ಚಿಲ್ಲದೆ ರಕ್ಷಣೆ 37 ಪಟ್ಟು ಹೆಚ್ಚಿತು. ಡಿಶ್ಶಿನ ಕೇಬಲ್, ಇಂಟರ್ನೆಟ್ಟಿನ ತಾಮ್ರದ ತಂತಿಗಳನ್ನೂ ಹೀಗೇ ಬಿಡಿಸಿಡಬೇಕು. ಅವುಗಳನ್ನು ಮರೆತು ಪ್ಲಗ್ ಮಾತ್ರ ತೆಗೆದರೆ ಅರ್ಧ ಕೆಲಸ.

ಮುರಕಲ್ಲಿನ ನೆಲ

ಗಾಳಿ ಒಡೆದು ಬಂದ 30,000 ಆಂಪಿಯರ್ ಕೊನೆಗೆ ನೆಲಕ್ಕೆ ಹೋಗಬೇಕು. ನಮ್ಮ ಗುಡ್ಡೆಗಳ ಮುರಕಲ್ಲು ಒಣಗಿದಾಗ ಅದನ್ನು ಸುಲಭವಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ನೆಲದ ತಡೆಯ ಗುಣಾಂಕ 1,000 ಓಮ್-ಮೀಟರ್ ಹಿಡಿದರೆ, 3 ಮೀಟರಿನ ಒಂದು ಅರ್ತ್ ಪೈಪಿನ ತಡೆ 300 ಓಮ್ ಹತ್ತಿರ. ಅದೇ ಪೈಪನ್ನು ತೋಟದ ತೋಡಿನ ಬದಿಯ ತಂಪು ಮಣ್ಣಿಗೆ, 100 ಓಮ್-ಮೀಟರಿನ ನೆಲಕ್ಕೆ ಇಳಿಸಿದರೆ 30 ಓಮ್. ಮಿಂಚುಬಂಧಕಕ್ಕೆ ಒಟ್ಟು 10 ಓಮಿನೊಳಗೆ ಇರಲಿ ಎನ್ನುವುದು ಮಾನದಂಡದ ಸಲಹೆ. ಆ 10 ಓಮ್ ಸಿಕ್ಕಿತೆಂದೇ ಇಟ್ಟುಕೊಳ್ಳಿ, 30,000 ಆಂಪಿಯರ್ ಹರಿದಾಗ ಅರ್ತ್ ತಂತಿಯೇ 3 ಲಕ್ಷ ವೋಲ್ಟಿಗೆ ಏರುತ್ತದೆ. ಅಷ್ಟು ವೋಲ್ಟೇಜು ಅರ್ಧ ಮೀಟರಿಗೂ ಮೀರಿದ ಗಾಳಿಯನ್ನು ಹಾರಿ ಗೋಡೆಯ ವೈರಿಂಗಿಗೆ, ಪಂಪಿನ ಪೈಪಿಗೆ ದಾಟಬಲ್ಲದು. ಮಿಂಚುಬಂಧಕದ ಅರ್ತನ್ನೂ ಮನೆಯ ಅರ್ತನ್ನೂ ಬೇರೆ ಬೇರೆ ಇಟ್ಟರೆ ಕ್ಷೇಮ ಎಂಬ ನಂಬಿಕೆ ಇಲ್ಲೇ ಮುರಿದುಬೀಳುತ್ತದೆ. ಎಲ್ಲ ಅರ್ತುಗಳನ್ನು ಮನೆಯ ಸುತ್ತ ಒಂದು ಪಟ್ಟಿಯಿಂದ ಕಟ್ಟಿ ಒಂದೇ ವೋಲ್ಟೇಜಿಗೆ ತರುವುದು, ಮೀಟರಿನ ಬಳಿ ಸರ್ಜ್ ತಡೆ ಸಾಧನ ಹಾಕುವುದು, ಇವೆರಡೇ ಸರಿಯಾದ ದಾರಿ. ತೋಡಿನ ಬದಿಯವರೆಗೆ ಪಟ್ಟಿ ಎಳೆಯುವುದು ಒಳ್ಳೆಯದೇ. ಮನೆಯ ಸುತ್ತಿನ ಬಳೆ ಇಲ್ಲದೆ ಅದೊಂದನ್ನೇ ನೆಚ್ಚಬಾರದು. ಸಿಡಿಲಿನ ರಭಸಕ್ಕೆ 30 ಮೀಟರ್ ಉದ್ದದ ಪಟ್ಟಿಯೇ 3 ಲಕ್ಷ ವೋಲ್ಟ್ ತಡೆಹಿಡಿಯುತ್ತದೆ.

ಹಟ್ಟಿಯ ಲೆಕ್ಕ ಹೇಳದೆ ಈ ಭಾಗ ಮುಗಿಸಲಾರೆ. ಮರಕ್ಕೆ ಬಡಿದ ಸಿಡಿಲು ಬುಡದಿಂದ ನೆಲದಲ್ಲಿ ಹರಡುತ್ತದೆ. ಅದೇ ಒಣ ನೆಲ, ಒಂದೇ ಬಗೆಯ ಮಣ್ಣು ಎಂದು ಹಿಡಿದರೆ, ಬುಡದಿಂದ 10 ಮೀಟರ್ ದೂರ ನಿಂತವನ 70 ಸೆಂಟಿಮೀಟರಿನ ಹೆಜ್ಜೆಯ ಎರಡು ತುದಿಗಳ ನಡುವೆ 31,000 ವೋಲ್ಟ್. ದನದ ಮುಂಗಾಲು ಹಿಂಗಾಲುಗಳ ನಡುವಿನ ಒಂದೂವರೆ ಮೀಟರಿಗೆ 62,000. ಆ ಕರೆಂಟು ಎದೆಯ ಮೂಲಕವೇ ಹಾದುಹೋಗುತ್ತದೆ. 50 ಮೀಟರ್ ದೂರದಲ್ಲಿ ಇದೇ ಸಂಖ್ಯೆಗಳು 1,300 ಮತ್ತು 2,800ಕ್ಕೆ ಇಳಿಯುತ್ತವೆ. ಮನುಷ್ಯ ಪಾರಾದ ಕಡೆ ದನ ಸಾಯುವುದಕ್ಕೆ ಇದೇ ಕಾರಣ. ರಾಜ್ಯ ವಿಪತ್ತು ಪರಿಹಾರ ನಿಧಿಯ ದರಪಟ್ಟಿಯಲ್ಲಿ ಒಂದು ಜೀವಕ್ಕೆ 4 ಲಕ್ಷ ರೂಪಾಯಿ, ಕರೆಯುವ ದನ ಅಥವಾ ಎಮ್ಮೆಗೆ 37,500 ರೂಪಾಯಿ. ಹಾಲಿನ ಮೇಲೆ ಬದುಕುವ ಮನೆಗೆ ಅದು ಇನ್ನೊಂದು ಒಳ್ಳೆಯ ದನ ತರುವುದಕ್ಕೂ ಸಾಲದು. ಎತ್ತರದ ತೆಂಗಿನ ಬುಡಕ್ಕೆ ತಾಗಿ ಹಟ್ಟಿ ಕಟ್ಟುವವರು ಈ ಅಂಕಿಗಳನ್ನೊಮ್ಮೆ ನೋಡಲಿ.

ಮಿಂಚು ಕಂಡು ಗುಡುಗು ಕೇಳುವವರೆಗೆ ಎಣಿಸಿ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. 30ರೊಳಗೆ ಗುಡುಗು ಕೇಳಿದರೆ ಸಿಡಿಲು 10 ಕಿಲೋಮೀಟರಿನೊಳಗಿದೆ, ತೋಟದಿಂದ ಮನೆಗೆ ಬನ್ನಿ. ಕೊನೆಯ ಗುಡುಗಿನ ನಂತರ 30 ನಿಮಿಷ ಹೊರಗಿಳಿಯಬೇಡಿ. ಲೀಡರಿನ ಕೊನೆಯ ಜಿಗಿತ 30,000 ಆಂಪಿಯರಿನ ಸಿಡಿಲಿಗೆ 90 ಮೀಟರ್ ತನಕ ಇರುತ್ತದೆ. ಮಳೆ ಇನ್ನೂ ಶುರುವಾಗಿಲ್ಲ ಎಂಬುದು ಅಂಗಳದಲ್ಲಿ ನಿಲ್ಲಲು ಕಾರಣವಾಗದು.

ನನ್ನ ಅಂದಾಜಿನಲ್ಲಿ ಒಂದು ಕ್ವಿಂಟಲ್ ಚಾಲಿಯ ಹಣದೊಳಗೆ, ಅಂದರೆ 40,000 ರೂಪಾಯಿಯ ಮಿತಿಯಲ್ಲಿ, ಸಾಧಾರಣ ಮನೆಯೊಂದಕ್ಕೆ ಮೂರು ಅರ್ತ್ ಗುಂಡಿ, ಸುತ್ತಿನ ಪಟ್ಟಿ, ಒಂದು ಸರ್ಜ್ ತಡೆ ಸಾಧನ ಮಾಡಿಸಿಕೊಳ್ಳಬಹುದು. ಆರಂಭದಲ್ಲಿ ಹೇಳಿದ ಹತ್ತು ಮರಗಳ ನಷ್ಟಕ್ಕಿಂತ ಇದು ಕಡಿಮೆ. ಎಲ್ಲವನ್ನೂ ಒಟ್ಟಿಗೆ ಮಾಡಲಾಗದವರು ಅರ್ತಿನಿಂದ ಶುರು ಮಾಡಿ. ಹಾಕಿಸಿ ವರ್ಷಗಳಾದ ಅರ್ತಿನ ತಡೆಯನ್ನು ಮಾರ್ಚಿನ ಒಣ ನೆಲದಲ್ಲೇ ಅಳೆಸಿ, ಮಳೆಗಾಲದಲ್ಲಿ ಅಳೆದ ಸಂಖ್ಯೆಯನ್ನು ನಂಬಬೇಡಿ. ಮುಂದಿನ ಕೊಯ್ಲಿಗೆ ದೋಟಿ ಹೊರಗೆ ತೆಗೆಯುವ ಮುಂಚೆ ಲೈನಿನ ಎರಡೂ ಬದಿಗೆ 15 ಮೀಟರ್ ಅಳೆದು, ಆ ಗೆರೆಯೊಳಗಿನ ಪ್ರತಿ ಮರಕ್ಕೂ ಕೆಂಪು ಬಣ್ಣದ ಪಟ್ಟಿ ಬಳಿಯಿರಿ. ಕೊಯ್ಯಲು ಬಂದವರಿಗೆ ಅದು ಏನೆಂದು ನೀವೇ ನಿಂತು ಹೇಳಿ.